ದ್ವಾದಶಿಯ ಪಾರಣೆ

2003ರ ಜೂನ್ 11, ಬುಧವಾರ ಮಧ್ಯಾಹ್ನ ಚಿತ್ತಾಪುರ ಠಾಣೆಗೆ ಬಂದ ದೂರು ಸ್ವಲ್ಪ ವಿಚಿತ್ರವಾಗಿತ್ತು. ದೂರು ಯಾರ ಮೇಲಿತ್ತೋ ಆಕೆಗೆ ಆ ಹೊತ್ತಿನಲ್ಲಿ ಪ್ರಜ್ಞೆಯೇ ಇರಲಿಲ್ಲ.

ದೂರು ತಂದವರು ತಹಸೀಲ ಕಚೇರಿಯ ಗುಮಾಸ್ತ ಶ್ರೀರಾಮರಾಯರು. ತಮ್ಮ ರಘುವೀರನ ಹೆಂಡತಿ ಶ್ರೀವಿದ್ಯಾ, ಶಾಲಾ ಶಿಕ್ಷಕಿ, ಹಿಂದೆ ಮನಸ್ಸಿನ ಕಾಯಿಲೆಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳನ್ನು ಒಮ್ಮೆಲೇ ನುಂಗಿ ಆತ್ಮಹತ್ಯೆಗೆ ಯತ್ನಿಸಿದ್ದಾಳೆ, ಶಹಾಬಾದದ ಖಾಸಗಿ ಆಸ್ಪತ್ರೆಯಲ್ಲಿ ಸಾವು ಬದುಕಿನ ನಡುವೆ ಇದ್ದಾಳೆ ಎಂದು ಕಚೇರಿಯ ಕೈಬರಹದಲ್ಲಿ ನೀಟಾಗಿ ಬರೆದಿದ್ದರು. ಜೊತೆಗೆ ಆಸ್ಪತ್ರೆಯ ಮೆಮೊ ಇತ್ತು. ಬರೆದು ಮುಗಿಸಿ, ಮುಚ್ಚಳ ಹಾಕದೆಯೇ ಪೆನ್ನನ್ನು ಜೇಬಿಗಿಟ್ಟರು.

"ನೀರು ಕುಡೀರಿ," ಎಂದರು ಪಿಎಸ್‌ಐ ಸುರೇಶಕುಮಾರ. "ಮನಿಯಾಗ ಏನರ ಜಗಳ?"

"ಏನೂ ಇಲ್ಲರಿ. ನಾಳಿ ಆಕಿ ಚಂದಾಪುರದ ಶಾಲಿಗೆ ಹಾಜರಾಗಬೇಕಿತ್ತು. ಬಡ್ತಿ ಸಿಕ್ಕಿತ್ತು. ಮಗಳನ್ನ ಕರಕೊಂಡು ಹೊಂಟಿದ್ಲು."

"ಹೋಗೂದು ಬ್ಯಾಡಾಗಿತ್ತೇನು ಆಕಿಗೆ?"

"ಭಾಳ ಖುಷಿಲೆ ಇದ್ಲರಿ."

ಸುರೇಶಕುಮಾರ ಎಫ್‌ಐಆರ್ ದಾಖಲಿಸಿದರು: ಐಪಿಸಿ ಕಲಂ 309. ಸಾಯಲು ಹೋಗಿ ಬದುಕಿ ಉಳಿದವರನ್ನು ಆರೋಪಿ ಮಾಡುವ ಕಲಮು ಅದು. ಸನ್ನತಿ ಕಡೆಯ ರೈತ ಮನೆತನದಿಂದ ಬಂದ ಸುರೇಶಕುಮಾರರಿಗೆ ಇಲಾಖೆಯ ಎಷ್ಟೋ ಕೆಲಸ ಇಷ್ಟ, ಈ ಕಲಮು ಮಾತ್ರ ಕಂಡರಾಗದು. ಆದರೆ ಇಷ್ಟಾನಿಷ್ಟ ಕೇಳುವ ಕಾಲಂ ಎಫ್‌ಐಆರ್‌ನಲ್ಲಿ ಇಲ್ಲ.

ಒಂದೂವರೆಗೆ ಹೆಡ್ ಕಾನ್‌ಸ್ಟೇಬಲ್ ಮೌಲಾಲಿ ಮತ್ತು ಇಬ್ಬರು ಪಂಚರೊಂದಿಗೆ ಮನೆ ತಲುಪಿದರು. ಹಳೆಯ ಕಲ್ಲಿನ ಮನೆ. ನೆಲಕ್ಕೆಲ್ಲ ಶಹಾಬಾದಿನ ಫರಶಿ ಕಲ್ಲು, ಓಡಾಡಿ ಓಡಾಡಿ ನುಣ್ಣಗಾದದ್ದು. ನಡುಮನೆಯ ಬಲಕ್ಕೆ ಶ್ರೀವಿದ್ಯಾಳ ಕೋಣೆ. ಗೋಡೆಯ ಕಡೆ ಹಾಸಿಗೆ, ಪಕ್ಕದಲ್ಲಿ ಕಟ್ಟಿಟ್ಟ ಎರಡು ಬ್ಯಾಗು, ಮೂಲೆಯಲ್ಲಿ ಟ್ರಂಕು. ಹೊಸ್ತಿಲಿಗೂ ಹಾಸಿಗೆಗೂ ನಡುವೆ ಬರಿ ನೆಲದ ಮೇಲೆ ಖಾಲಿಯಾದ ಮಾತ್ರೆಯ ಸ್ಟ್ರಿಪ್‌ಗಳು ಚದುರಿ ಬಿದ್ದಿದ್ದವು. ಒಂದು ಟ್ರಂಕಿನ ಅಡಿಗೆ ಹೋಗಿತ್ತು.

"ಚಾಚಾ, ನಕಾಶಿ ತೆಗೀರಿ. ಯಾವುದು ಎಲ್ಲಿ ಬಿದ್ದದ ಹಂಗೇ ಬರ್ಲಿ," ಎಂದು ಮೌಲಾಲಿಗೆ ಹೇಳಿ ಸುರೇಶಕುಮಾರ ಕೋಣೆಯನ್ನೆಲ್ಲ ಹುಡುಕಿದರು. ಅಷ್ಟು ಮಾತ್ರೆ ನುಂಗಲು ನೀರು ಬೇಕು. ಕೋಣೆಯಲ್ಲಿ ತಂಬಿಗೆ ಇರಲಿಲ್ಲ, ಲೋಟ ಇರಲಿಲ್ಲ, ಬಾಟಲಿಯೂ ಇರಲಿಲ್ಲ.

ಶ್ರೀರಾಮರಾಯರ ಹೆಂಡತಿ ರಂಜನಾ ಹೇಳಿಕೆ ಕೊಟ್ಟಳು. ನಲವತ್ತರ ಆಸುಪಾಸಿನ, ತೂಕದ ಮಾತಿನ ಹೆಂಗಸು. ಸೊಂಟದ ಮೇಲೆ ಶ್ರೀವಿದ್ಯಾಳ ಮಗಳು ವೈದೇಹಿ. ಐದು ವರ್ಷದ ಹುಡುಗಿ ಸೊಂಟಕ್ಕೆ ಭಾರವೇ, ಆದರೂ ರಂಜನಾ ಇಳಿಸಲಿಲ್ಲ.

"ನಿನ್ನಿ ಏಕಾದಶಿ. ಎಲ್ಲಾರೂ ನಿರಾಹಾರ, ಹನಿ ನೀರೂ ಇಲ್ಲ. ಇವತ್ತ ದ್ವಾದಶಿ, ನಸಿಕಿನಾಗೇ ಪಾರಣಿ ಆತು. ಊಟ ಮಾಡಿ ವಿದ್ಯಾ ಕ್ವಾಣ್ಯಾಗ ಹೋಗಿ ಮಲಗಿದ್ಲು. ಏಳೂವರೆಗೆ ಕೂಸು ಎಬ್ಬಸ್ಲಿಕ್ಕೆ ಹೋತು, ಏಳಲಿಲ್ಲ."

"ಆಮ್ಯಾಲ?"

"ನಾ ಒಳಗ ಓಡಿ ಹೋದೆ. ದಿಂಬಿನ ಹಂತ್ಯಾಕ ಕುಂತು ಗಲ್ಲ ತಟ್ಟಿದೆ. ಇವರು ಜೀಪು ತರಿಸಿ ಹೊತಗೊಂಡು ಹೋದ್ರು."

"ಗುಳಿಗಿ ಯಾವಾಗ ಕಂಡೂವು?"

"ಅವರು ಹೋದ ಮ್ಯಾಲೆ."

"ಆಕಿ ಮೊದಲು ಹಿಂಗ ಮಾಡಿದ್ದೇನು?"

ರಂಜನಾ ಹುಡುಗಿಯ ತಲೆ ನೇವರಿಸಿದಳು. "ಮಾಡಿರಲಿಲ್ಲರಿ. ಆದ್ರ ಕೂಸು ಹುಟ್ಟಿದ ಮ್ಯಾಲೆ ಮೂರು ವರ್ಷ ಮನಸಿನ ಬ್ಯಾನಿಲೆ ಮಲಗಿದಾಕಿ. ಹಾಲು ಕುಡಸೂದು, ಎರಿಯೂದು ಎಲ್ಲಾ ನಾನೇ."

"ಅಮ್ಮ, ಹಸಿವು," ಎಂದಿತು ಹುಡುಗಿ. ರಂಜನಾಳನ್ನೇ ಅದು ಅಮ್ಮ ಅನ್ನುತ್ತಿತ್ತು.

ಪಂಚನಾಮೆ ಮುಗಿಸಿ, ಸ್ಟ್ರಿಪ್‌ಗಳನ್ನು ಮೊಹರು ಮಾಡಿ, ಸಂಜೆ ಸುರೇಶಕುಮಾರ ಶಹಾಬಾದಕ್ಕೆ ಹೋದರು. ಐಸಿಯು ಬಾಗಿಲಿನ ಹೊರಗೆ ರಘುವೀರ ಕುಳಿತಿದ್ದ. ವಾಡಿ ಜಂಕ್ಷನ್ನಿನ ಬುಕಿಂಗ್ ಕ್ಲರ್ಕ್. ಹಿಂದಿನ ರಾತ್ರಿ ಪಾಳಿಯಲ್ಲಿದ್ದವನು ಸ್ಟೇಷನ್ನಿನಿಂದ ನೇರ ಇಲ್ಲಿಗೆ ಬಂದಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ, ಮತ್ತೆ ಕುಳಿತ.

ಡಾಕ್ಟರ್ ಮೈತ್ರಿಗೆ ಮೂವತ್ತೂ ದಾಟಿರಲಿಕ್ಕಿಲ್ಲ. ಎರಡು ಊಟ ತಪ್ಪಿಸಿಕೊಂಡವರ ಮುಖ. ಸುರೇಶಕುಮಾರ ಕೇಳುವ ಮೊದಲೇ ಮಾತು ಶುರು ಮಾಡಿದಳು.

"ನಮ್ಮ ಕಡೆ ವಿಷ ಅಂದ್ರ ಬೆಳಿಗಿ ಹೊಡಿಯೂ ಔಷಧನೇ. ಕೇಸ್ ಬಂದ ಕೂಡಲೆ ಸಿಸ್ಟರ್ ಅದಕ್ಕ ಕೊಡೂ ಅಟ್ರೋಪಿನ್ ಸೂಜಿ ತುಂಬಿಟ್ಟಿದ್ರು. ಆದ್ರ ಬೆಳಿ ಔಷಧ ಕುಡದವರ ಕಣ್ಣಿನ ಪಾಪಿ ಸಣ್ಣ ಆಗ್ತಾವ, ಬಾಯಾಗ ಜೊಲ್ಲು, ಮೈಯೆಲ್ಲ ಬೆವರು. ಈಕಿಗೆ ಪಾಪಿ ಅಗಲ ಆಗ್ಯಾವ, ಬಾಯಿ ಒಣಗೇದ, ಮೈ ಸುಡ್ತದ, ಎದಿ ಓಡಾಕತ್ತದ. ಪೂರಾ ಉಲ್ಟಾ. ಅಟ್ರೋಪಿನ್ ಕೊಟ್ಟಿದ್ರ ಬೆಂಕಿಗೆ ತುಪ್ಪ ಸುರದಂಗ ಆಗ್ತಿತ್ತು. ನಿಲ್ಲಸಿದೆ."

"ಮತ್ತ ಗುಳಿಗಿ ಅಂತ ಹೆಂಗ ಗೊತ್ತಾತ್ರಿ?"

"ಮನಿಗಿ ಫೋನ್ ಮಾಡಿ ಕೇಳ್ರಿ ಅಂತ ಅವರ ಭಾವಗ ಹೇಳಿದೆ. ಅಲ್ಲಿಂದ ಹೆಸರು ಬಂತು. ಇಮಿಪ್ರಮಿನ್. ಖಿನ್ನತೆಗೆ ಕೊಡೂದು. ಅಳತಿ ಮೀರಿದ್ರ ನೇರ ಎದಿಗಿ ಬಡೀತದ." ಆಕೆ ಇಸಿಜಿ ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಮೊದಲನೆಯದರಲ್ಲಿ ಗೆರೆಯ ಶಿಖರಗಳು ಅಗಲಗಲ. ಕೊನೆಯದರಲ್ಲಿ ಸಪೂರ. "ನಡುವೆ ಫಿಟ್ಸ್ ಬಂತು. ಉಸಿರಿಗೆ ಕೊಳವಿ ಹಾಕಿದಿವಿ. ನರಕ್ಕ ಸೋಡಾ ಬೈಕಾರ್ಬ್ ಬಿಟ್ಟ ಮ್ಯಾಲೆ ಗೆರಿ ದಾರಿಗಿ ಬರಾಕತ್ತದ. ಆ ಹೆಸರು ಫೋನಿನಾಗ ಒಂದು ತಾಸು ತಡಾ ಆಗಿ ಬಂದಿದ್ರ ಈಗ ನೀವು ಬ್ಯಾರೆ ಪಂಚನಾಮೆ ಮಾಡ್ತಿದ್ರಿ."

"ಹೊಟ್ಟಿ ತೊಳದಿರೇನು?"

"ತೊಳದು ಇದ್ದಲಿ ಪುಡಿ ಕೊಟ್ಟೀವಿ. ತೊಳದ ನೀರು ಬಾಟಲಿ ತುಂಬಿ ನಿಮಗಂತ ಇಟ್ಟೀನಿ. ಹಸರ ಸೊಪ್ಪು ಬಂತು, ಅದರಾಗ ಪುಡಿ ಪುಡಿ. ಇಡೀ ಗುಳಿಗಿ ಒಂದೂ ಇಲ್ಲ, ಅರ್ಧ ಕರಗಿದ್ದೂ ಇಲ್ಲ."

ಆಕೆಯ ಮುಂದೆ ಕೇಸ್ ಶೀಟ್ ತೆರೆದಿತ್ತು. ಪ್ರತಿ ರೋಗಕ್ಕೂ ಅಂತಾರಾಷ್ಟ್ರೀಯ ಸಂಕೇತ ಬರೆಯುವ ಪದ್ಧತಿ ಆಸ್ಪತ್ರೆಗೆ ಹೊಸದಾಗಿ ಬಂದಿತ್ತು. "ಇದಕ್ಕ ಎರಡು ಸಂಕೇತ ಬೇಕು ಸರ್. ವಿಷ ಯಾವುದು ಅನ್ನೂದಕ್ಕ ಒಂದು. ಅದು ಟಿ 43.0, ಬರದೀನಿ. ಅದು ಹೆಂಗ ಹೊಟ್ಟಿಗಿ ಹೋತು ಅನ್ನೂದಕ್ಕ ಇನ್ನೊಂದು. ತಾನೇ ತಗೊಂಡಿದ್ರ ಎಕ್ಸ್ 61. ಮಂದಿ ಕೊಟ್ಟಿದ್ರ ಎಕ್ಸ್ 85. ಗೊತ್ತಿಲ್ಲ ಅಂದ್ರ ವೈ 11."

"ಮನಿಯವರು ಏನಂತಾರ?"

"61 ಬರೀರಿ ಅಂತಾರ. ನಾ ವೈ 11 ಬರದೀನಿ. 61 ಅಂತ ಬಿತ್ತಂದ್ರ ಈಕಿ ಜನ್ಮಪೂರ್ತಿ ಹುಚ್ಚಿ. ಬ್ಯಾರೆ ಊರಿಗೆ ಮಗಳನ್ನ ಯಾರು ಕಳಸ್ತಾರ ಈಕಿ ಜೋಡಿ? ನಾಳಿ ಎದ್ದು ಕುಂತು ನಾ ತಗೊಂಡಿಲ್ಲ ಅಂದ್ರೂ ಯಾರು ನಂಬ್ತಾರ?"

ಗುರುವಾರ ಸಂಜೆ ಶ್ರೀವಿದ್ಯಾ ಕಣ್ಣು ತೆರೆದಳು. ಮಹಿಳಾ ಕಾನ್‌ಸ್ಟೇಬಲ್ ಸಾಬಮ್ಮನನ್ನು ಕರೆದುಕೊಂಡು ಸುರೇಶಕುಮಾರ ಹೇಳಿಕೆ ಪಡೆಯಲು ಹೋದರು. ಕೊಳವೆ ತೆಗೆದ ಗಂಟಲಿನಿಂದ ಮಾತು ಗೊರಗೊರ ಬರುತ್ತಿತ್ತು.

"ಗುಳಿಗಿ ತಗೊಂಡ್ರೇನವ್ವಾ?"

"ಇಲ್ಲರಿ. ದೀಪಾವಳಿಗೇ ಡಾಕ್ಟರು ಬಂದ್ ಮಾಡಿದ್ರು."

"ಉಳದಿದ್ದು ಎಲ್ಲಿ ಇಟ್ಟಿದ್ರಿ?"

"ನನ್ನ ಕಡೆ ಯಾವತ್ತೂ ಇರಲಿಲ್ಲ. ಪೇಶಂಟ್ ಕೈಯಾಗ ಕೊಡಬ್ಯಾಡ್ರಿ ಅಂತ ಡಾಕ್ಟರೇ ಹೇಳಿದ್ರು. ವೈನಿ ಇಟಗೋತಿದ್ರು. ದಿನಾ ಅವರೇ ಕೈಗೆ ಹಾಕಿ, ನುಂಗಿದ್ನೋ ಇಲ್ಲೋ ಬಾಯಿ ತಗಸಿ ನೋಡ್ತಿದ್ರು."

ವೈನಿ ಎಂದರೆ ರಂಜನಾ.

"ಬುಧವಾರ ಏನು ಉಂಡ್ರಿ?"

"ಪಾರಣಿ. ಅಗಸಿ ಸೊಪ್ಪಿನ ಪಲ್ಯ, ಅನ್ನ, ಸಾರು. ಪಲ್ಯ ಭಾಳ ಕಹಿ ಇತ್ತು. ಅಗಸಿ ಸೊಪ್ಪು ಕಹಿನೇ ಇರ್ತದ ಅಂತ ಸುಮ್ಮಾದೆ. ನಾಲಿಗಿ ಜೋಮು ಹಿಡಿತು. ದ್ವಾದಶಿ ದಿನ ಎಲಿ ಮ್ಯಾಲೆ ಬಿಡಬಾರದು, ಪೂರಾ ತಿಂದೆ." ಆಕೆ ತುಸು ಸುಧಾರಿಸಿಕೊಂಡಳು. "ಸರ, ನಾ ಸಾಯ್ಲಿಕ್ಕೆ ಹೋಗಿದ್ದೆ ಅಂತ ಬರದೀರೇನು?"

ಸುರೇಶಕುಮಾರ ಹೇಳಿಕೆಯ ಹಾಳೆ ಮಡಚಿದರು. ಬರೆದಿದ್ದರು.

ನಾಲಿಗೆಯ ಜೋಮಿನ ಮಾತನ್ನು ಡಾಕ್ಟರ್ ಮೈತ್ರಿಗೆ ಹೇಳಿದಾಗ ಆಕೆ ತಲೆಯಾಡಿಸಿದಳು. ಈ ಮಾತ್ರೆಗೆ ಮೇಲೆ ಲೇಪನ ಇರುತ್ತದೆ, ಇಡಿಯಾಗಿ ನುಂಗಿದರೆ ನಾಲಿಗೆಗೆ ಗೊತ್ತಾಗುವುದಿಲ್ಲ. ಕುಟ್ಟಿ ಪುಡಿ ಮಾಡಿದರೆ ಮಾತ್ರ ಕಹಿ, ಜೋಮು. ಹೊರಡುವ ಮುನ್ನ ಸುರೇಶಕುಮಾರ ಬಾಗಿಲಲ್ಲಿದ್ದ ಶ್ರೀರಾಮರಾಯರನ್ನು ಒಂದೇ ಪ್ರಶ್ನೆ ಕೇಳಿದರು.

"ಆಕಿನ್ನ ಎತ್ತುವಾಗ ಗುಳಿಗಿ ಪಾಕೀಟು ಕಂಡಿದ್ವೇನು?"

"ಇಲ್ಲರಿ. ಹಾಸಿಗಿ ಚಾದರ ಸಮೇತ ಎತ್ತಿದೆ. ನೆಲದ ಮ್ಯಾಲೂ ಏನಿರಲಿಲ್ಲ. ಇದ್ದಿದ್ರ ಕಾಲಿಗೆ ಸಿಗ್ತಿತ್ತು."

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂದು ಅವರಿಗೆ ಹೊಳೆದಿರಬೇಕು. ಒಳಗೆ ಮಲಗಿದ್ದವಳ ಕಡೆ ತಿರುಗಿ ನೋಡಿದರು.

ರಾತ್ರಿ ಸರ್ಕಲ್ ಸಾಹೇಬರ ಫೋನು. ಮಾನಸಿಕ ರೋಗಿ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ, 309ರಲ್ಲಿ ಚಾರ್ಜ್‌ಶೀಟ್ ಹಾಕಿ ಮುಗಿಸಿ ಎಂದರು. ಹಾಗೆ ಹೇಳುವುದರಲ್ಲಿ ತಪ್ಪಿರಲಿಲ್ಲ. ಸೊಪ್ಪಿನಲ್ಲಿ ಪುಡಿ ಸಿಕ್ಕರೆ ಆಕೆಯೇ ಕಲಸಿಕೊಂಡು ತಿಂದಿರಬಹುದಲ್ಲ ಎಂದು ಯಾವ ವಕೀಲನಾದರೂ ಕೇಳುತ್ತಾನೆ. ಸ್ಟ್ರಿಪ್‌ಗಳನ್ನು ಯಾರೋ ಆಮೇಲೆ ಹಾಕಿದ್ದಾರೆ. ಯಾರು ಎಂಬುದಕ್ಕೆ ಗುಮಾನಿ ಇತ್ತು, ಪುರಾವೆ ಇರಲಿಲ್ಲ. ಮನೆಯಲ್ಲಿ ಆಗ ಇದ್ದವರು ರಂಜನಾ ಮತ್ತು ಅತ್ತೆ ಲೀಲಾಬಾಯಿ, ಇಬ್ಬರು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮೌಲಾಲಿ, ಸಾಬಮ್ಮರೊಂದಿಗೆ ಸುರೇಶಕುಮಾರ ಮತ್ತೆ ಆ ಮನೆಯ ನಡುಮನೆಯಲ್ಲಿದ್ದರು. ಲೀಲಾಬಾಯಿ ಮಣೆಯ ಮೇಲೆ ಕುಳಿತು ಬತ್ತಿ ಹೊಸೆಯುತ್ತಿದ್ದರು. ಅಡುಗೆಮನೆಯಲ್ಲಿ ರಂಜನಾ ಕಚ್ಚೆ ಹಾಕಿದ ಮಡಿ ಸೀರೆಯಲ್ಲಿ ಒಲೆಯ ಮುಂದಿದ್ದಳು.

"ಮಡಿಲಿದ್ದೀನ್ರಿ. ನೈವೇದ್ಯ ಆಗೂ ತನಕ ಹೊರಗ ಬರೂದಾಗೂದಿಲ್ಲ. ಕುಂದ್ರಿ," ಎಂದಳು ಒಳಗಿನಿಂದಲೇ.

ಆಗ ವೈದೇಹಿ ಬಿಚ್ಚಿದ ಕೂದಲಿನಲ್ಲಿ ಓಡಿಬಂದು ಅಡುಗೆಮನೆಯ ಹೊಸ್ತಿಲ ಹತ್ತಿರ ಹೋಯಿತು. "ಅಮ್ಮ, ಜಡಿ!"

"ದೂರ, ದೂರ! ಮಡಿ ಅದ ನಂದು. ಅಜ್ಜಿ ಕಡೆ ಹಾಕ್ಕೋ. ತಗೋ ಕ್ಲಿಪ್ಪು," ಎಂದು ರಂಜನಾ ಗೂಡಿನಲ್ಲಿದ್ದ ಸ್ಟೀಲಿನ ಕ್ಲಿಪ್ಪನ್ನು ತೆಗೆದು ಹೊಸ್ತಿಲ ಒಳಗಿನಿಂದಲೇ ಎಸೆದಳು. ಮೆಲ್ಲಗೇ ಎಸೆದಳು. ಕ್ಲಿಪ್ಪು ಹುಡುಗಿಯನ್ನು ದಾಟಿ, ಫರಶಿಯ ಮೇಲೆ ಸರ್ರನೆ ಜಾರಿ ಮೌಲಾಲಿಯ ಬೂಟಿಗೆ ತಾಗಿ ನಿಂತಿತು.

ಸುರೇಶಕುಮಾರ ಅದನ್ನು ನೋಡುತ್ತಲೇ ಇದ್ದರು. ಚಿಕ್ಕವರಿದ್ದಾಗ ಅಪ್ಪ ಅವರನ್ನು ಅಂಗಡಿಗೆ ಕಳಿಸುತ್ತಿದ್ದ. ಮುಟ್ಟಿದರೆ ಮೈಲಿಗೆಯೆಂದು ಅಂಗಡಿಯವನು ಅವರ ಕೈಗೆ ಏನನ್ನೂ ಕೊಡುತ್ತಿರಲಿಲ್ಲ, ಎಸೆಯುತ್ತಿದ್ದ. ಬೆಲ್ಲದ ಪೊಟ್ಟಣ, ಬೆಂಕಿಪೊಟ್ಟಣ, ಚಿಲ್ಲರೆ ಎಲ್ಲ ಕಟ್ಟೆಯ ಮೇಲೆ ಬಿದ್ದು ಆಚೆ ಉರುಳುತ್ತಿದ್ದವು. ಮುಟ್ಟಲು ಮನಸ್ಸಿಲ್ಲದವರು ಎಸೆದ ವಸ್ತು ಬೇಕಾದ ಜಾಗದಲ್ಲಿ ಬೀಳುವುದಿಲ್ಲ, ಅದನ್ನು ಹುಡುಕಿ ಹೆಕ್ಕಿಕೊಳ್ಳಬೇಕು. ಆ ಬಗ್ಗಿ ಹೆಕ್ಕುವ ಅವಮಾನ ಸುರೇಶಕುಮಾರರ ಬೆನ್ನಿಗೆ ಇಂದಿಗೂ ನೆನಪಿತ್ತು. ಟ್ರಂಕಿನ ಅಡಿ ಸೇರಿದ್ದ ಸ್ಟ್ರಿಪ್ಪನ್ನು ಬುಧವಾರ ಹಾಗೆಯೇ ಬಗ್ಗಿ ಹೆಕ್ಕಿದ್ದರು.

ಅವರು ಲೀಲಾಬಾಯಿಯ ಎದುರಿಗೆ ಕುಳಿತರು. "ಅವ್ವಾರೆ, ಮಡಿಲಿದ್ದವರು ಕ್ಲಿಪ್ಪು ಮುಟ್ಟಬಹುದೇನ್ರಿ?"

"ಕಬ್ಬಣ, ಹಿತ್ತಾಳಿ ಮುಟ್ಟಿದ್ರ ಮೈಲಿಗಿಲ್ಲಪಾ. ಅರಿವಿ, ಹಾಸಿಗಿ ಮುಟ್ಟಬಾರದು, ಮಲಗೂ ಕ್ವಾಣ್ಯಾಗ ಕಾಲಿಡಬಾರದು, ಮಂದಿನ್ನ ಮುಟ್ಟಬಾರದು."

"ಬುಧವಾರ ಯಾರು ಮಡಿಲಿದ್ರು?"

"ರಂಜನಾ ಒಬ್ಬಾಕಿನೇ. ನನಗ ಈಗ ಆಗೂದಿಲ್ಲ. ಎಲ್ಲಾರಿಗೂ ಬಡಿಸಿದ್ಲು, ಆಕಿ ಇನ್ನೂ ಉಂಡಿರಲಿಲ್ಲ, ಅಷ್ಟರಾಗ ಈ ಅನಾಹುತ ಆತು."

"ಹಂಗಾದ್ರ ಕ್ವಾಣ್ಯಾಗ ಹೋಗಿ ದಿಂಬಿನ ಹಂತ್ಯಾಕ ಕುಂತವರು ಯಾರು?"

"ನಾ ಕುಂತಿದ್ದೆ. ನನ್ನ ದೊಡ್ಡ ಮಗ ರಾಮ ಎತ್ತಿಕೊಂಡು ಹೋದ. ಆಕಿ ಹೊಸ್ತಲದಾಗ ನಿಂತು ಒದರ್ಲಿಕತ್ತಿದ್ಲು. ಮಡಿ ಸೀರಿಲೆ ಹಾಸಿಗಿಗೆ ಹೆಂಗ ಹೋಗ್ತಾಳಪಾ?"

"ಗುಳಿಗಿ ಮೊದಲು ಕಂಡವರು ಯಾರು?"

"ಆಕಿನೇ. ರಾಮನ ಫೋನು ಬಂತು, ಏನು ತಿಂದಾಳ ನೋಡ್ರಿ, ಡಾಕ್ಟರು ಕೇಳ್ಲಿಕತ್ತಾರ ಅಂದ. ನಾ ಫೋನ್ ಹಿಡಕೊಂಡು ನಿಂತಿದ್ದೆ, ಆಕಿ ಇನ್ನೂ ಮಡಿಲೇ ಇದ್ಲು. ಸ್ವಲ್ಪ ಹೊತ್ತಿನ ಮ್ಯಾಲೆ, ಅತ್ಯಾರೆ, ಇಲ್ಲಿ ಬಿದ್ದಾವು ನೋಡ್ರಿ ಅಂತ ಆಕಿ ಕೂಗಿದ್ಲು. ಗುಳಿಗಿ ಹೆಸರೂ ಆಕಿನೇ ಹೇಳಿದ್ಲು, ನಾ ಫೋನಿನಾಗ ಒಪ್ಪಿಸಿದೆ." ಮುದುಕಿಯ ಕೈಯ ಬತ್ತಿ ನಿಂತಿತು. "ಯಾಕ ಕೇಳ್ತೀಯಪಾ ಇದನ್ನೆಲ್ಲ?"

ಉಳಿದ ಯಾರೇ ಆಗಿದ್ದರೂ ಒಳಗೆ ನಡೆದುಹೋಗಿ ದಿಂಬಿನ ಹತ್ತಿರ ಇಡುತ್ತಿದ್ದರು. ಎಸೆಯಬೇಕಾದ ಅಗತ್ಯ ಇದ್ದದ್ದು ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ.

ಸುರೇಶಕುಮಾರ ಎದ್ದು ಅಡುಗೆಮನೆಯ ಹೊಸ್ತಿಲಿಗೆ ನಾಲ್ಕು ಹೆಜ್ಜೆ ಈಚೆಗೇ ನಿಂತರು. ಅಭ್ಯಾಸ ಅವರ ಕಾಲಲ್ಲೂ ಇತ್ತು.

"ರಂಜನಾಬಾಯಿಯವರೆ, ಬುಧವಾರ ಕ್ವಾಣ್ಯಾಗ ಕಾಲಿಟ್ಟಿದ್ರೇನು?"

ಸೌಟು ನಿಂತಿತು.

"ಇಟ್ಟಿದ್ರ ಮಡಿ ಕೆಡ್ತಿತ್ತು. ಮತ್ತ ಸ್ನಾನ ಮಾಡಬೇಕಿತ್ತು. ಮಾಡಿಲ್ಲ ನೀವು. ಹೊಸ್ತಲದಾಗಿಂದೇ ಒಗದಿರಿ."

ರಂಜನಾ ಮೊದಲು ಒಲೆ ಆರಿಸಿದಳು. ಆಮೇಲೆ ಪಾತ್ರೆಗೆ ಮುಚ್ಚಳ ಹಾಕಿದಳು.

"ಸಾಯಲಿ ಅಂತ ಹಾಕಿಲ್ಲರಿ," ಎಂದಳು. "ಮೊದಲಿನಂಗ ಮಲಗಲಿ ಅಂತ ಹಾಕಿದೆ. ಮತ್ತ ಬ್ಯಾನಿ ತಿರಗೇದ, ಕೂಸಿನ್ನ ಸಂಭಾಳಸೂದಾಗೂದಿಲ್ಲ ಅಂತ ಎಲ್ಲಾರಿಗೂ ಆಗ್ತಿತ್ತು. ಚಂದಾಪುರ ನಿಲ್ತಿತ್ತು. ಅಷ್ಟೇ."

"ಪಲ್ಯದಾಗ?"

"ಆಕಿ ಎಲಿಗಿ ಬಡಿಸೂದರಾಗ. ಆಕಿಗೆ ದಿನಾ ಎಷ್ಟು ಕೊಡಬೇಕು ಅನ್ನೂದು ನನಗ ಗೊತ್ತಿತ್ತರಿ. ಮೂರು ವರ್ಷ ನಾನೇ ಕೊಟ್ಟೀನಿ. ಎಷ್ಟಕ್ಕ ಜೀವ ಹೋಗ್ತದ ಅನ್ನೂದು ಗೊತ್ತಿರಲಿಲ್ಲ."

"ಗುಳಿಗಿ ಪಾಕೀಟು ಯಾಕ ಒಗದಿರಿ? ಒಲಿಗಿ ಹಾಕಿದ್ರ ಯಾರಿಗೂ ತಿಳೀತಿರಲಿಲ್ಲ."

"ಡಾಕ್ಟರು ಕೇಳ್ಲಿಕತ್ತಿದ್ರಲ್ಲರಿ." ಆಕೆ ಸೌಟನ್ನು ಕೆಳಗಿಟ್ಟಳು. "ಹೇಳದಿದ್ರ ಸಾಯ್ತಾಳ. ಹೇಳಿದ್ರ ನಿನಗ ಹೆಂಗ ಗೊತ್ತು ಅಂತಾರ. ಆಕಿ ನನ್ನ ಕೈಲಿ ಎಷ್ಟೋ ಸಲ ಉಂಡಾಕಿ. ಸಾಯೂದು ನೋಡ್ಲಿಕ್ಕೆ ಆಗಲಿಲ್ಲ."

ಆ ಸ್ಟ್ರಿಪ್‌ಗಳು ಶ್ರೀವಿದ್ಯಾಳ ಮೇಲೆ ಸುಳ್ಳು ಹೊರಿಸಿದ್ದವು, ಆಕೆಯ ಜೀವ ಉಳಿಸಿದ್ದೂ ಅವೇ. ಇದನ್ನು ಯಾವ ಕಲಮಿನಲ್ಲಿ ಬರೆಯುವುದೆಂದು ಸುರೇಶಕುಮಾರರಿಗೆ ತಿಳಿಯಲಿಲ್ಲ. ಮೌಲಾಲಿಗೆ ಹೇಳಿ ಸಮಯ ಬರೆಸಿದರು: ಎಂಟು ಗಂಟೆ ನಲವತ್ತು ನಿಮಿಷ, ದಸ್ತಗಿರಿ.

ಸಾಬಮ್ಮ ಹೊಸ್ತಿಲಲ್ಲಿ ಅಳುಕಿ ನಿಂತಳು. "ಬರ್ರಿ ಬಾಯಿ," ಎಂದಳೇ ಹೊರತು ಒಳಗೆ ಹೋಗಿ ಕೈ ಹಿಡಿಯಲು ಆಕೆಗೂ ಆಗಲಿಲ್ಲ. ರಂಜನಾ ತಾನೇ ಹೊರಗೆ ಬಂದಳು. ವೈದೇಹಿ ಕೂದಲು ಬಿಚ್ಚಿಕೊಂಡೇ ಅಲ್ಲಿತ್ತು, ಮಡಿ ಎಂದು ಹಿಂದೆ ಸರಿಯಿತು. ರಂಜನಾ ಬಗ್ಗಿ ಅದನ್ನು ಬಾಚಿ ಎತ್ತಿಕೊಂಡಳು.

"ಅಮ್ಮ, ಮಡಿ ಕೆಡ್ತು!" ಎಂದಿತು ಹುಡುಗಿ ಗಾಬರಿಯಿಂದ.

"ಕೆಡಲಿ," ಎಂದಳು ರಂಜನಾ. ಮೌಲಾಲಿ ನೆಲದಿಂದ ಕ್ಲಿಪ್ಪು ಎತ್ತಿ ಆಕೆಯ ಕೈಗೆ ಕೊಟ್ಟ. ಆಕೆ ತೆಗೆದುಕೊಂಡು, ಹುಡುಗಿಯನ್ನು ಇಳಿಸಿ, ನಿಂತಲ್ಲೇ ಜಡೆ ಹಾಕಿದಳು. ಪೊಲೀಸರು ಕಾದರು. ಎರಡೇ ಜಡೆ, ಆದರೆ ತುಂಬ ಹೊತ್ತು ಹಿಡಿಯಿತು.

ಅಂದು ಮಧ್ಯಾಹ್ನವೇ ಕಲಂ 309 ಕೈಬಿಟ್ಟು, ವಿಷ ಉಣಿಸಿದ ಕಲಂ 328 ಮತ್ತು ಕೊಲೆ ಯತ್ನದ 307 ಅಳವಡಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು. ಹೊಟ್ಟೆ ತೊಳೆದ ನೀರಿನ ಬಾಟಲಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು. ಆ ಪುಡಿ ಇಮಿಪ್ರಮಿನ್ ಎಂದೇ ತಿಂಗಳ ಮೇಲೆ ವರದಿ ಬಂತು. ಕೊಲ್ಲುವ ಮನಸ್ಸಿತ್ತೋ ಇಲ್ಲವೋ ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ಸುರೇಶಕುಮಾರ ರಂಜನಾಳ ಮಾತನ್ನು ಹೇಳಿದ ಹಾಗೆಯೇ ಬರೆದಿದ್ದರು, ಫೋನಿನ ಮಾತೂ ಸೇರಿ.

ಸಂಜೆ ಶಹಾಬಾದದಲ್ಲಿ ಡಾಕ್ಟರ್ ಮೈತ್ರಿ ಕೇಸ್ ಶೀಟಿನಲ್ಲಿ ವೈ 11ನ್ನು ಒಂದೇ ಗೆರೆಯಲ್ಲಿ ಹೊಡೆದು, ಪಕ್ಕದಲ್ಲಿ ಎಕ್ಸ್ 85 ಎಂದು ಬರೆದು ಸಹಿ ಮಾಡಿದಳು.

ಶ್ರೀವಿದ್ಯಾಗೆ ವಿಷಯವನ್ನು ರಘುವೀರನೇ ಹೇಳಿದ. ಸುರೇಶಕುಮಾರ ಹೋದಾಗ ಆಕೆ ದಿಂಬಿಗೆ ಒರಗಿ ಕಿಟಕಿಯ ಕಡೆ ನೋಡುತ್ತಿದ್ದಳು. ಅತ್ತಿರಲಿಲ್ಲ. ನಿಮ್ಮ ಮೇಲಿನ ಕೇಸು ಹೋಯಿತು, ಚಂದಾಪುರಕ್ಕೆ ಯಾವಾಗ ಬೇಕಾದರೂ ಹಾಜರಾಗಬಹುದು ಎಂದರು ಸುರೇಶಕುಮಾರ. ಒಳ್ಳೆಯ ಸುದ್ದಿ ತಂದವರ ದನಿ ಇರಲೆಂದು ಪ್ರಯತ್ನಿಸಿದರು.

ಆಕೆ ಅವರ ಕಡೆ ತಿರುಗಿದಳು.

"ವೈದೇಹಿ ಉಂಡಾಳೇನ್ರಿ?"

ಸುರೇಶಕುಮಾರ ಬಾಗಿಲಲ್ಲಿದ್ದ ರಘುವೀರನ ಕಡೆ ನೋಡಿದರು.

"ಆಕಿ ನನ್ನ ಕೈಲಿ ಉಣ್ಣೂದಿಲ್ಲ," ಎಂದಳು ಶ್ರೀವಿದ್ಯಾ. "ವೈನಿ ಹೆಂಗ ಕಲಸಿ ಕೊಡ್ತಿದ್ರು ಅಂತ ಒಂದು ಮಾತು ಕೇಳಿಕೊಂಡು ಬರ್ತೀರೇನು?"